ಹಳದಿ ಗೋಡೆಯ ಮೇಲಿನ ಟಿವಿ

ಟಿವಿ ವಾಲಿತ್ತು. ಎಡಗಡೆ ಒಂದು ಬೆರಳಿನಷ್ಟು ಇಳಿದಿತ್ತು.

ಪಿಎಸ್‌ಐ ಜಬೀನಾ ಅದನ್ನು ಹೊಸ್ತಿಲಲ್ಲಿ ನಿಂತೇ ಗಮನಿಸಿದಳು. ಅವಳ ಹಿಂದೆ ಹೆಡ್ ಕಾನ್‌ಸ್ಟೆಬಲ್ ಜಟ್ಟೆಪ್ಪ ಟೋಪಿ ತೆಗೆದು ಬೆವರು ಒರೆಸಿಕೊಳ್ಳುತ್ತಿದ್ದ. ಸೇಡಂನ ಹಳೆ ಊರಿನ ಗಲ್ಲಿ ಮಾರ್ಚ್ ತಿಂಗಳ ಬಿಸಿಲಿಗೆ ಆಗಲೇ ಕಾದಿತ್ತು.

"ಬೂಟು ಇರ್ಲಿ ಮೇಡಂ, ನಡೀತದ," ಎಂದಳು ಮನೆಯ ಸೊಸೆ ಭಾಗ್ಯಶ್ರೀ.

ನಡೆಯುವುದಿಲ್ಲ ಎಂಬುದು ಅವಳ ಮುಖದಲ್ಲಿತ್ತು. ಜಬೀನಾ ಬೂಟು ಬಿಚ್ಚಿ ಒಳಗೆ ಬಂದಳು.

ಹಾಲ್‌ಗೆ ನಾಲ್ಕು ಗೋಡೆ, ನಾಲ್ಕು ಬಣ್ಣ. ಬಾಗಿಲಿರುವ ಗೋಡೆ ಆಕಾಶ ನೀಲಿ. ಕಿಟಕಿಯದು ಗುಲಾಬಿ. ಬಲಕ್ಕೆ ಗಿಳಿ ಹಸಿರು, ಅದರ ಎದುರಿಗೆ ಅರಿಶಿನ ಹಳದಿ. ಹಳದಿ ಗೋಡೆಯ ಮೇಲೆ ದೊಡ್ಡ ಟಿವಿ, ದನಿ ಅಡಗಿಸಿದ್ದರಿಂದ ಚಿತ್ರಗಳಷ್ಟೇ ಓಡುತ್ತಿದ್ದವು. ಕಾಲಡಿ ಮಾತ್ರ ಹಳೆಯ ಶಹಾಬಾದಿ ಕಲ್ಲು, ಹೊಸದಾಗಿ ಉಜ್ಜಿ ಹೊಳಪು ಕೊಟ್ಟದ್ದು.

"ಮೊಬೈಲ್‌ನಾಗ ನೋಡಿ ಬಣ್ಣ ನಾನೇ ಆರಿಸಿದ್ದು. ಇದಕ್ಕ ಅಕ್ಸೆಂಟ್ ವಾಲ್ ಅಂತಾರ್ರಿ."

"ನಾಕೂ ಅವೇ ಏನ್ರಿ ವೈನಿ?" ಎಂದ ಜಟ್ಟೆಪ್ಪ.

"ಒಂದಾ ಇರಬೇಕಂತ್ರಿ. ನನಗ ನಾಕೂ ಛಂದ ಕಂಡ್ವು."

"ಬಿಡ್ರಿ, ಹೋಳಿ ಹುಣ್ಣಿವಿಗಿ ಮನಿ ಬಿಟ್ಟು ಹೊರಗ ಹೋಗೂದೇ ಬೇಕಾಗಿಲ್ಲ ನಿಮಗ."

ಭಾಗ್ಯಶ್ರೀ ನಕ್ಕಳು. ಮರುಕ್ಷಣವೇ, ಮಾವ ಕಾಣೆಯಾದ ಮನೆಯಲ್ಲಿ ನಗಬಾರದೆಂದು ನೆನಪಾಗಿ ಬಾಯಿ ಮುಚ್ಚಿಕೊಂಡಳು.

ಅವಳ ಮಾವ ರೇವಣಪ್ಪ, ಭೂಮಾಪನ ಇಲಾಖೆಯ ನಿವೃತ್ತ ಸರ್ವೇಯರ್, ಹೋದ ವಾರ ಇದೇ ಮನೆಯಿಂದ ಕಾಣೆಯಾಗಿದ್ದರು. ಅಂದು ಈ ಹಾಲ್‌ಗೆ ಬಂದಿದ್ದ ಹೊರಗಿನವನು ಒಬ್ಬನೇ. ಟಿವಿ ಕೂಡಿಸಲು ಬಂದ ವಾಡಿಯ ದೇವಾನಂದ. ರೇವಣಪ್ಪನವರ ಮೊಬೈಲು ಇವತ್ತು ಬೆಳಿಗ್ಗೆ ಅವನ ಸಾಮಾನಿನ ಚೀಲದಲ್ಲಿ ಸಿಕ್ಕಿತ್ತು. "ಅವ್ರೇ ಕೊಟ್ರು," ಎಂದನೇ ಹೊರತು ಅವನು ಮುಂದೆ ಬಾಯಿ ಬಿಡಲಿಲ್ಲ.

ಟಿವಿ ಯಾವ ಗೋಡೆಗೆ ಕೂಡಿಸಿದೆ ಎಂದು ಕೇಳಿದಾಗ ಮಾತ್ರ ತಟ್ಟನೆ ಹೇಳಿದ್ದ. "ಹಸುರ ಗ್ವಾಡಿಗಿ."

ಸಿಪಿಐ ಸಾಹೇಬರು ಮೇಜು ಗುದ್ದಿ ನಕ್ಕಿದ್ದರು. ಟಿವಿ ಇದ್ದದ್ದು ಹಳದಿ ಗೋಡೆಯ ಮೇಲೆ. ರೇವಣಪ್ಪನವರ ಹೆಂಡತಿ, ಮಗ, ಸೊಸೆ ಮೂವರೂ, ಮೊದಲಿನಿಂದ ಅಲ್ಲೇ ಇದೆ ಎಂದು ಹೇಳಿಕೆ ಕೊಟ್ಟಿದ್ದರು. ತಾನು ಕೂಡಿಸಿದ ಟಿವಿಯ ವಿಷಯದಲ್ಲೇ ಸುಳ್ಳು ಹೇಳುವವನು ಮತ್ತೇನು ಖರೆ ಹೇಳುತ್ತಾನೆ? ಸಂಜೆಯೊಳಗೆ ಬಂಧನ ತೋರಿಸಿ ನ್ಯಾಯಾಲಯಕ್ಕೆ ಒಪ್ಪಿಸುವುದೆಂದು ಸಾಹೇಬರು ತೀರ್ಮಾನಿಸಿದ್ದರು. ಅಲ್ಲಿಯವರೆಗೆ ದೇವಾನಂದ ಠಾಣೆಯ ಬೆಂಚಿನ ಮೇಲೆ ಕೂತಿರುತ್ತಾನೆ. ಆಮೇಲೆ ಅವನು ಕೊಲೆಯ ಆರೋಪಿ.

ಜಬೀನಾಳನ್ನು ಕಾಡುತ್ತಿದ್ದದ್ದು ಒಂದೇ ಪ್ರಶ್ನೆ. ಸಿಕ್ಕಿಬಿದ್ದವನು ಸುಳ್ಳು ಹೇಳುವುದು ಹೊಸದಲ್ಲ. ಆದರೆ ಯಾರು ಬೇಕಾದರೂ ಬಂದು ನೋಡಬಹುದಾದ ಗೋಡೆಯ ಬಗ್ಗೆ ಸುಳ್ಳು ಹೇಳಿ ಅವನಿಗೇನು ಸಿಗುತ್ತದೆ?

"ಕುಂದ್ರಿ ಮೇಡಂ. ಚಾ ತರ್ತೀನಿ," ಎಂದು ಭಾಗ್ಯಶ್ರೀ ಒಳಗೆ ಹೋದಳು.

ರೇವಣಪ್ಪನವರ ಹೆಂಡತಿ ಲಲಿತಾಬಾಯಿ ಅಡುಗೆಮನೆಯಿಂದ ಬಂದು ಬಾಗಿಲ ಪಕ್ಕದ ಬರಿಗಲ್ಲಿನ ಮೇಲೆ ಕೂತರು. ಹಣೆಯ ತುಂಬ ವಿಭೂತಿ. ಕಣ್ಣು ಟಿವಿಯ ಕಡೆಗಿತ್ತು, ನೋಡುತ್ತಿದ್ದದ್ದು ಟಿವಿಯನ್ನಲ್ಲ.

"ಅವ್ವಾರ, ಮ್ಯಾಲ ಕುಂದ್ರಿ. ಸೋಫಾ ಅದಲ್ಲ."

"ಇಲ್ಲೇ ತಂಪದ."

ಹಸಿರು ಗೋಡೆಗೆ ಆನಿಸಿಟ್ಟ ಸೋಫಾದಲ್ಲಿ ಜಟ್ಟೆಪ್ಪ ಆರಾಮವಾಗಿ ಕೂತು ಹಿಂದಕ್ಕೆ ಒರಗಿದ. ತಲೆ ಏನಕ್ಕೋ ಬಡಿಯಿತು. ತಿರುಗಿ ನೋಡಿದವನು ಗಡಬಡಿಸಿ ಎದ್ದು ಕೈಮುಗಿದ.

"ತಪ್ಪಾಯ್ತಪ್ಪಾ, ತಪ್ಪಾಯ್ತು."

ಬಸವಣ್ಣನ ಪಟ. ಗಾಜಿನ ಚೌಕಟ್ಟು ಹಾಕಿಸಿದ ದೊಡ್ಡ ಪಟ. ಕೂತವರ ಬೆನ್ನಿಗೂ ತಲೆಗೂ ತಾಗುವಷ್ಟು ತಗ್ಗಿನಲ್ಲಿ ತೂಗಿತ್ತು. ಜಟ್ಟೆಪ್ಪ ಮತ್ತೆ ಕೂತಾಗ ಸೋಫಾದ ತುದಿಗೆ ಕೂತ.

ಶಹಾಬಾದಿನ ತನ್ನ ಮನೆಯಲ್ಲಿ ಮಕ್ಕಾದ ಚಿತ್ರ ಬಾಗಿಲ ಚೌಕಟ್ಟಿನ ಮೇಲಿರುವುದು ಜಬೀನಾಳಿಗೆ ನೆನಪಾಯಿತು. ಅದರ ಕಡೆ ಯಾರೂ ಕಾಲು ಚಾಚುವುದಿಲ್ಲ. ಲಿಂಗಪೂಜೆಯಾಗದೆ ನೀರು ಕೂಡ ಕುಡಿಯದ ಮನೆ ಇದು. ಇಲ್ಲಿ ಬಸವಣ್ಣನಿಗೆ ಬೆನ್ನು ಒರಗಿಸುವಂತೆ ಸೋಫಾ. ಅದಕ್ಕೇ ಈ ಮನೆಯ ಯಜಮಾನಿ ನೆಲದ ಮೇಲೆ ಕೂತಿದ್ದಾರೆ.

"ಪಟ ಇಷ್ಟು ತಗ್ಗಿಗಿ ಯಾಕ ಹಾಕೀರಿ ಅವ್ವಾರ?"

ಸೆರಗಿನ ಅಂಚು ಹೊಸೆಯುತ್ತಿದ್ದ ಲಲಿತಾಬಾಯಿಯವರ ಕೈ ನಿಂತಿತು.

"ಅದು ಡಿಸೈನ್ ರೀ ಮೇಡಂ!" ಉತ್ತರ ಬಂದದ್ದು ಅಡುಗೆಮನೆಯಿಂದ. "ಈಗ ಎಲ್ಲಾರೂ ಹಂಗೇ ಹಾಕ್ತಾರ."

ಜಬೀನಾ ಎದ್ದು ಗೋಡೆಗಳ ಉದ್ದಕ್ಕೂ ನಡೆದಳು. ಡಿಶ್‌ನ ವೈರು ಹಸಿರು ಗೋಡೆಯ ಮೂಲೆಯಿಂದ ಒಳಗೆ ಬಂದಿತ್ತು. ಅಲ್ಲಿಂದ ಬಿಳಿ ಪ್ಲಾಸ್ಟಿಕ್ ಪಟ್ಟಿಯೊಳಗೆ ಬಾಗಿಲ ನೆತ್ತಿಯ ಮೇಲೆ ಹಾದು, ನೀಲಿ ಗೋಡೆ ದಾಟಿ, ಹಳದಿ ಗೋಡೆಯ ಟಿವಿಗೆ ಹೋಗಿತ್ತು. ಉಳಿದೆಲ್ಲ ವೈರುಗಳನ್ನು ಗೋಡೆ ಕೊರೆದು ಒಳಗೆ ಅಡಗಿಸಿದ್ದರು. ಇದೊಂದೇ ಹೊಸ ಬಣ್ಣದ ಮೇಲೆ ಹೊರಗೆ ಓಡುತ್ತಿತ್ತು.

ಇಷ್ಟು ಮುತುವರ್ಜಿಯಿಂದ ಹಾಲ್ ಮಾಡಿಸಿದವಳು ಟಿವಿಯ ವೈರನ್ನು ಹೀಗೆ ಬಿಡುತ್ತಾಳೆಯೇ?

ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಧಾನವಾಯಿತು. ಟಿವಿ ಕಪ್ಪಾಯಿತು.

ಕಪ್ಪು ಪರದೆಯಲ್ಲಿ ಜಬೀನಾ ತನ್ನನ್ನೇ ಕಂಡಳು. ತನ್ನ ಹಿಂದೆ ಕಿಟಕಿಯ ಬೆಳಕಿನಲ್ಲಿ ಹಸಿರು ಗೋಡೆ, ಬಸವಣ್ಣನ ಪಟ, ಸೋಫಾದ ತುದಿಯಲ್ಲಿ ಜಟ್ಟೆಪ್ಪ. ಎಲ್ಲವೂ ಕನ್ನಡಿಯಲ್ಲಿ ಕಂಡ ಹಾಗೆ.

ಅವಳು ಅಲುಗಾಡದೆ ನಿಂತಳು.

"ಜಟ್ಟೆಪ್ಪ, ದೇವಾನಂದನ ಫೋನಿನಾಗ ಒಂದು ಫೋಟೊ ಇತ್ತಲ್ಲ. ಟಿವಿ ಕೂಡ್ಸಿದ ಮ್ಯಾಲ ತಗದದ್ದು."

"ಸಾಹೇಬ್ರು ನೋಡಿ ಬಿಟ್ರಲ್ರಿ. ಬರೇ ಟಿವಿ ಅದ, ಗ್ವಾಡಿನೇ ಕಾಣಂಗಿಲ್ಲ. ಅದೂ ಬಂದ್ ಇದ್ದ ಟಿವಿ."

"ಬಂದ್ ಇದ್ದದ್ದೇ ಬೇಕಾಗ್ಯದ."

*

ದಪ್ಪ ಕಲ್ಲುಗೋಡೆಯ ಒಳಗೆ ನೆಟ್‌ವರ್ಕ್ ಸಿಗಲಿಲ್ಲ. ಜಬೀನಾ ಗೇಟಿನ ಹೊರಗೆ ಬಂದಳು.

ಅಲ್ಲಿ ದೇವಾನಂದನ ತಂಗಿ ಲುಂಬಿನಿ ನಿಂತಿದ್ದಳು. ವಾಡಿಯ ಒಂದು ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿಯಿಂದ ನೇರ ಬಂದಿದ್ದಳು. ಕೊರಳಲ್ಲಿ ಅಗಲವಾದ ಕೆಂಪು ಪಟ್ಟಿಯ ಗುರುತಿನ ಚೀಟಿ, ಕೈಯಲ್ಲಿ ಸ್ಟೀಲಿನ ಊಟದ ಡಬ್ಬಿ.

"ಠಾಣೆದಾಗ ಡಬ್ಬಿ ಒಳಗ ಬಿಡವಲ್ರು ಮೇಡಂ. ನೀವು ಒಂದು ಮಾತು ಹೇಳ್ರಿ."

"ಹೇಳ್ತೀನಿ. ಬಿಸಲಾಗ ಯಾಕ ನಿಂತೀ? ಒಳಗ ಬಾ."

"ಬ್ಯಾಡ್ರಿ. ಈ ಮನಿ ಹೊಸ್ತಿಲಾ ನಾ ತುಳದಾಕಿ ಅಲ್ಲ." ಅವಳು ಡಬ್ಬಿಯನ್ನು ಎದೆಗೆ ಹಿಡಿದುಕೊಂಡಳು. "ಠಾಣೆ ಬಾಗಿಲ್ದಾಗ ಪೊಲೀಸರು ಇರ್ತಾರಲ್ರಿ? ಯಾವಾಗ್ಲೂ?"

ಹಿಂದೆಯೇ ಬಂದ ಜಟ್ಟೆಪ್ಪ ಉತ್ತರಿಸಿದ. "ಸಂತ್ರಿ ಕುಂತಾನ ತಂಗಿ. ನಿಮ್ಮಣ್ಣ ಎಲ್ಲಿ ಓಡಿ ಹೋಗ್ತಾನ ಬಿಡು."

"ಓಡಿ ಹೋಗೂದಲ್ರಿ..."

ಮಾತು ಮುಗಿಸದೆ ಅವಳು ಗಲ್ಲಿಯ ತುದಿಗೆ ನೋಡಿದಳು. ಅಲ್ಲಿ ಬೇವಿನ ನೆರಳಲ್ಲಿ ಒಂದು ಬಿಳಿ ಜೀಪು ನಿಂತಿತ್ತು. ಡ್ರೈವರು ಸೀಟು ಹಿಂದಕ್ಕೆ ವಾಲಿಸಿಕೊಂಡು ಮಲಗಿದ ಹಾಗಿತ್ತು.

ಜಬೀನಾ ಟಿವಿ ಮಾರಿದ ಅಂಗಡಿಗೆ ಫೋನ್ ಹಚ್ಚಿದಳು. ಶಹಾಬಾದಿನ ಮಜೀದಸಾಬ ಅವಳ ತಂದೆಯ ಪರಿಚಯದವರು.

"ಸಲಾಂ ಬೇಟಿ. ಫೋಟೊ? ಅದಲ್ಲ, ಯಾಕಿರಲ್ಲ? ಫಿಟ್ಟಿಂಗ್ ಆದ ಮ್ಯಾಲ ಹುಡುಗರು ಫೋಟೊ ಕಳಸ್ಲಿಕ್ಕೇ ಬೇಕು, ಇಲ್ಲಂದ್ರ ಕಂಪನಿಯವ್ರು ವಾರಂಟಿ ಹಚ್ಚಂಗಿಲ್ಲ. ಆದ್ರ ಅವತ್ತ ಕಡೀಕ ಕರೆಂಟ್ ಹೋಗಿತ್ತಂತ. ಸ್ಕ್ರೀನ್ ಕಪ್ಪಗ ಅದ ನೋಡು."

"ಅದೇ ಕಳಸ್ರಿ ಚಾಚಾ. ದೇವಾನಂದ ನಿಮಗ ಹೆಂಗ ಕಳಿಸ್ಯಾನೋ ಹಂಗೇ."

"ಹುಡುಗ ಚಲೋ ಇದ್ದಾನ ಬೇಟಿ. ಜರಾ ನೋಡು."

ಫೋನ್ ಇಟ್ಟಾಗ ಲುಂಬಿನಿ ಅವಳನ್ನೇ ದಿಟ್ಟಿಸುತ್ತಿದ್ದಳು.

"ಯಾವ ಫೋಟೊ ಮೇಡಂ?"

"ನಿಮ್ಮಣ್ಣ ಸುಳ್ಳು ಹೇಳಿಲ್ಲಂತ ತೋರಸ್ಲಿಕ್ಕ ಬೇಕು."

"ಅದ್ರಾಗ ಬರೇ ಟಿವಿ ಅದ ಅಲ್ರಿ?" ಎಂದಳು ಲುಂಬಿನಿ. ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು.

"ನಮ್ಮ ಸಾಹೇಬ್ರೂ ಹಂಗೇ ಅಂದ್ರು," ಎಂದ ಜಟ್ಟೆಪ್ಪ.

ಫೋಟೊ ಬಂತು. ಜಬೀನಾ ಪಡಸಾಲೆಯ ಮೆಟ್ಟಿಲ ಮೇಲೆ ಕೂತು, ಬಿಸಿಲಿಗೆ ಅಂಗೈ ಅಡ್ಡ ಹಿಡಿದು ಅದನ್ನು ದೊಡ್ಡದು ಮಾಡಿದಳು. ಚೌಕಟ್ಟಿನ ತುಂಬ ಟಿವಿ. ಆದರೆ ಕಪ್ಪು ಪರದೆಯೊಳಗೆ ಎದುರುಗೋಡೆ ಮಸುಕಾಗಿ ಮೂಡಿತ್ತು. ಅದು ಹಳದಿ.

ಹಳದಿ ಗೋಡೆಯ ಎತ್ತರದಲ್ಲಿ ಬಸವಣ್ಣನ ಪಟ. ಅದರ ಕೆಳಗೆ, ಆಳಿನ ಎದೆಯ ಮಟ್ಟಕ್ಕೆ, ಗೋಡೆಯಲ್ಲೇ ಬಿಟ್ಟ ಒಂದು ಗೂಡು. ಹಳೆಯ ಕಲ್ಲು ಮನೆಗಳಲ್ಲಿ ದೀಪ ಇಡಲು ಬಿಡುವಂಥದು. ಗೂಡಿನಲ್ಲಿ ಒಂದು ದೀಪದ ಕುಡಿ. ಅದರ ಪಕ್ಕ ಬಿಳಿ ಧೋತರದ ಹಿರಿಯರೊಬ್ಬರು ನಿಂತಿದ್ದರು. ನಡುವೆ ಫೋಟೊ ತೆಗೆಯುತ್ತಿರುವವನ ಕಪ್ಪು ಆಕೃತಿ.

ಗೋಡೆಯ ವಿಷಯದಲ್ಲಿ ದೇವಾನಂದ ನಿಜ ಹೇಳಿದ್ದ.

"ಜಟ್ಟೆಪ್ಪ, ಈಗ ಒಳಗ ಗೂಡು ನೋಡಿದಿ ಏನು?"

"ಇಲ್ರಿ."

"ನಾನೂ ನೋಡ್ಲಿಲ್ಲ."

*

ರೇವಣಪ್ಪನವರ ಮಗ ಶರಣಕುಮಾರ ಮಳಖೇಡದ ಸಿಮೆಂಟ್ ಕಾರ್ಖಾನೆಯಿಂದ ಬೈಕಿನಲ್ಲಿ ಬಂದ. ಹುಬ್ಬಿನ ಮೇಲೂ ಬೂದು ಧೂಳು. ಹಾಲ್‌ನಲ್ಲಿ ಪೊಲೀಸರನ್ನು ಕಂಡು ಮೊದಲು ತಾಯಿಯನ್ನು ನೋಡಿದ, ಆಮೇಲೆ ಟಿವಿಯನ್ನು.

"ಆರೋಪಿ ಸಿಕ್ಕಾನಲ್ರಿ ಮೇಡಂ. ಮತ್ತ್ಯಾಕ ಇಲ್ಲಿಗಿ?"

"ಈ ಟಿವಿ ಯಾರು ಕೂಡ್ಸಿದ್ರು?"

"ಅವನೇ. ವಾಡಿಯಂವ."

"ಇದೇ ಗ್ವಾಡಿಗಿ?"

"ಬರದು ಕೊಟ್ಟೀನಲ್ರಿ. ಕಾಣೆ ಆದದ್ದು ನಮ್ಮಪ್ಪ ಮೇಡಂ, ಟಿವಿ ಅಲ್ಲ."

"ಖರೆ. ಆದ್ರ ಈ ಹಾಲ್‌ನಾಗ ಜಾಗಾ ಬಿಟ್ಟು ಹ್ವಾದವ್ರು ಇಬ್ರು. ಒಬ್ರು ನಿಮ್ಮಪ್ಪ, ಇನ್ನೊಂದು ಈ ಟಿವಿ. ಅಪ್ಪ ಎಲ್ಲಿ ಅಂದ್ರ ಗೊತ್ತಿಲ್ಲ ಅಂತೀರಿ. ಟಿವಿದರ ಗೊತ್ತಿರಬೇಕಲ್ಲ."

ಜಬೀನಾ ಜಟ್ಟೆಪ್ಪನಿಗೆ ಸನ್ನೆ ಮಾಡಿದಳು. ಅವನು ಹಸಿರು ಗೋಡೆಯ ಪಟಕ್ಕೆ ಕೈಮುಗಿದು, ಎರಡೂ ಕೈಯಿಂದ ಎತ್ತಿ ಕೆಳಗಿಳಿಸಿದ.

ಪಟದ ಹಿಂದೆ ಬೋಲ್ಟಿನ ತೂತುಗಳಿದ್ದವು. ಬಿಳಿ ಪುಟ್ಟಿ ಮೆತ್ತಿ ಮುಚ್ಚಿದ್ದರು. ಅವುಗಳ ನೆತ್ತಿಯ ಮೇಲೆ ದೇವಾನಂದ ಅಳತೆಗೆ ಎಳೆದ ಪೆನ್ಸಿಲ್ ಗೆರೆ, ನೆಟ್ಟಗೆ, ಎಳ್ಳಷ್ಟೂ ವಾಲದೆ.

"ಅಂವ ಕೂಡ್ಸಿದ ಟಿವಿ ವಾಲಿರ್ಲಿಲ್ಲ," ಎಂದಳು ಜಬೀನಾ. "ಇದನ್ನ ನೀವು ಕೂಡ್ಸೀರಿ."

"ಅವ್ವಗ ಅಲ್ಲಿಂದ ನೋಡ್ಲಿಕ್ಕ ತ್ರಾಸ ಆಗ್ತಿತ್ತು. ಅದಕ್ಕ ಬದ್ಲಿ ಮಾಡ್ದೆ. ಮನಿಯಾಗ ಟಿವಿ ಬದ್ಲಿ ಮಾಡೂದು ಗುನ್ಹೆ ಏನ್ರಿ?"

"ಅಲ್ಲ. ಹೇಳಿಕಿ ಕೊಡೂ ಮುಂದ ಸುಳ್ಳು ಬರೆಯೂದು ಗುನ್ಹೆ. ಆ ಸುಳ್ಳಿನ ಮ್ಯಾಲ ಒಬ್ಬಂವ ಸಂಜಿಗಿ ಜೈಲಿಗಿ ಹೊಂಟಾನ." ಅವಳು ಫೋಟೊವನ್ನು ಅವನ ಮುಂದೆ ಹಿಡಿದಳು. "ಈ ಗೂಡು ಎಲ್ಲಿ ಹ್ವಾತು?"

ಭಾಗ್ಯಶ್ರೀ ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಳು.

"ಮುಚ್ಚಿಸಿದ್ವಿ. ಡಿಸೈನ್‌ಗೆ..." ಎಂದು ಅವಳು ಶುರುಮಾಡಿದಳು.

"ನೀ ಸುಮ್ಮಕಿರು," ಎಂದ ಶರಣಕುಮಾರ.

"ಟಿವಿ ಇಳಸ್ರಿ," ಎಂದಳು ಜಬೀನಾ.

ಅವನೂ ಜಟ್ಟೆಪ್ಪನೂ ಸೇರಿ ಇಳಿಸಿದರು. ಹಿಂದಿನ ಗೋಡೆಯ ನಡುವೆ ಒಂದು ಚೌಕ ತೇಪೆ. ಸುತ್ತಲಿನ ಅರಿಶಿನದ ನಡುವೆ ಅದು ಬೂದಿ ಕಲಸಿದ ಹಾಗೆ ಮಂಕಾಗಿತ್ತು. ಅಂಚಿನಲ್ಲಿ ಬಣ್ಣ ಹಪ್ಪಳದಂತೆ ಎದ್ದಿತ್ತು. ಮಣ್ಣು ಸುಣ್ಣದಲ್ಲಿ ಕಟ್ಟಿದ ಅಜ್ಜನ ಕಾಲದ ಗೋಡೆ. ಅದಕ್ಕೆ ಕಾರ್ಖಾನೆಯವನು ತನಗೆ ಗೊತ್ತಿದ್ದ ಒಂದೇ ಮದ್ದು ಹಚ್ಚಿದ್ದ. ಸಿಮೆಂಟು. ಹಸಿ ಆರುವ ಮೊದಲೇ ಮೇಲೆ ಬಣ್ಣ ಬಳಿದಿದ್ದ. ಹಳೆಯ ಗೋಡೆ ಅದನ್ನು ತನ್ನದೆಂದು ಒಪ್ಪಿರಲಿಲ್ಲ.

"ಜಟ್ಟೆಪ್ಪ, ಬಾಜೂ ಮನಿಯವ್ರನ್ನ ಇಬ್ರನ್ನ ಪಂಚರಂತ ಕರಿ. ಹಂಗೇ ಒಂದು ಹ್ಯಾಮರ್."

"ಮೇಡಂ." ಶರಣಕುಮಾರನ ದನಿ ಮೊದಲ ಬಾರಿಗೆ ಇಳಿಯಿತು. "ಗಲ್ಲಿ ಮಂದಿನ್ನ ಕರೀಬ್ಯಾಡ್ರಿ. ಕಾಲಿಗಿ ಬೀಳ್ತೀನಿ."

"ದೇವಾನಂದನ ಮನಿ ಮುಂದ ಬೆಳಗಿನಿಂದ ಮಂದಿ ನಿಂತಾರ. ಅವ್ರನ್ನ ಕರದವ್ರು ಯಾರು?"

ಜಟ್ಟೆಪ್ಪ ಹೊರಡಲು ತಿರುಗಿದ.

"ಒಡೀಬ್ಯಾಡ್ರಿ."

ಲಲಿತಾಬಾಯಿ ಎದ್ದು ನಿಂತಿದ್ದರು. ಗೋಡೆಯ ಆಸರೆ ಹಿಡಿದು ಬಂದು ತೇಪೆಗೂ ಜಬೀನಾಳಿಗೂ ನಡುವೆ ನಿಂತರು.

"ಹ್ಯಾಮರ್ ಹಚ್ಚಬ್ಯಾಡ್ರಿ ಯವ್ವಾ. ಒಳಗ ಲಿಂಗ ಅದ."

ಅವರು ತೇಪೆಯ ಮೇಲೆ ಅಂಗೈ ಇಟ್ಟರು.

"ಅವ್ರ ಇಷ್ಟಲಿಂಗ. ಕರಡಿಗಿ, ಶಿವದಾರ, ಎಲ್ಲಾ."

ಜಟ್ಟೆಪ್ಪ ಟೋಪಿ ತೆಗೆದ. ಈ ಭಾಗದಲ್ಲಿ ಯಾರಿಗೂ ಅದನ್ನು ಬಿಡಿಸಿ ಹೇಳಬೇಕಿರಲಿಲ್ಲ. ಹುಟ್ಟಿದ ಮಗುವಿಗೆ ಕಟ್ಟಿದ ಲಿಂಗ ಸತ್ತ ಮೇಲೂ ದೇಹದ ಜೊತೆಗೇ ಮಣ್ಣಿಗೆ ಹೋಗುತ್ತದೆ. ಬದುಕಿದ್ದವರು ಅದನ್ನು ಮೈಯಿಂದ ಬೇರೆ ಮಾಡುವುದಿಲ್ಲ.

"ಅವ್ವಾ, ಸಾಕು," ಎಂದ ಮಗ.

"ನಿನ್ನ ಮಾತು ಕೇಳಿ ಸುಮ್ಮಕಿದ್ದೆ. ಮಂದಿ ಮಗ ಜೈಲಿಗಿ ಹ್ವಾದ್ರ ನಾ ಯಾವ ಕೈಯಿಂದ ಪೂಜಾ ಮಾಡ್ಲಿ?" ಅವರು ಜಬೀನಾಳ ಕಡೆ ತಿರುಗಿದರು. "ಅವತ್ತ ಗಿರಣಿಗಿ ಹೋಗಿದ್ದೆ. ಹಿಟ್ಟು ತಗೊಂಡು ಬರೂದ್ರಾಗ ಆ ಹುಡುಗ ಸಾಮಾನು ಚೀಲಕ್ಕ ತುಂಬಲಿಕತ್ತಿದ್ದ. ಇವ್ರು ತಮ್ಮ ಫೋನು ತಾವೇ ಅವನ ಕೈಯಾಗ ಕೊಟ್ರು. ನನ್ನ ಕಣ್ಣಿಂದ ನೋಡೀನಿ. ಚಾ ಮಾಡ್ತೀನಂತ ಒಳಗ ಹ್ವಾದೆ. ಬರೂದ್ರಾಗ ಇಬ್ರೂ ಇಲ್ಲ. ಗೂಡಿನಾಗ ದೀಪದ ಬಾಜೂಕ ಲಿಂಗ ಇತ್ತು."

"ಊರಾಗ ಹೆಂಗ ಹೇಳೂದ್ರಿ ಮೇಡಂ?" ಶರಣಕುಮಾರ ಗೋಡೆಯನ್ನೇ ನೋಡುತ್ತ ಮಾತಾಡಿದ. "ನಮ್ಮಪ್ಪ ಲಿಂಗ ಬಿಚ್ಚಿಟ್ಟು ಮನಿ ಬಿಟ್ಟ ಅಂತ? ಅವ್ವ ಮಠದಾಗ ಹೆಂಗ ಮಾರಿ ತೋರಸಬೇಕು? ಹೊರಗ ಇಡ್ಲಿಕ್ಕ ಬರಂಗಿಲ್ಲ. ಹೊಳಿಗಿ ಬಿಡ್ಲಿಕ್ಕ ಕೈ ಬರಂಗಿಲ್ಲ, ಅಪ್ಪ ಬದುಕಿರಬೇಕಾದ್ರ. ಗೂಡಿನಾಗೇ ಇಟ್ಟು ಮುಚ್ಚಿದೆ. ಬಣ್ಣ ಹೊಂದ್ಲಿಲ್ಲ. ಮ್ಯಾಲ ಟಿವಿ ತಂದು ಹಾಕ್ದೆ. ಅಲ್ಲಿ ತೂತು ಕಂಡ್ವು, ಪಟ ಹಾಕ್ದೆ." ಅವನು ಮುಖ ಒರೆಸಿಕೊಂಡ. ಧೂಳು ಕೆಸರಾಯಿತು. "ಫೋನು ಆ ಹುಡುಗನ ಹತ್ರ ಸಿಕ್ಕಾಗ ಮುಂದಿಂದು ನಾ ತಡೀಲಿಲ್ಲ. ಅಷ್ಟೇ."

"ಅಷ್ಟೇ ಅಲ್ರಿ," ಎಂದಳು ಜಬೀನಾ. "ಅದು ಒಬ್ಬನ ಜಲ್ಮ."

ಪಂಚರು ಬಂದರು. ಸುತ್ತಿಗೆ ಬಳಸಲಿಲ್ಲ. ಶರಣಕುಮಾರನೇ ಉಳಿಯಿಂದ ಅಂಚನ್ನು ನಿಧಾನ ಕೆತ್ತಿದ. ತೇಪೆ ಒಂದೇ ಹಲಗೆಯಾಗಿ ಕಳಚಿಬಂತು. ಲಲಿತಾಬಾಯಿ ಕೈ ತೊಳೆದು, ವಿಭೂತಿ ಹಚ್ಚಿಕೊಂಡು, ಗೂಡಿನೊಳಗೆ ಕೈ ಚಾಚಿದರು. ಬಿಳಿ ಬಟ್ಟೆಯಲ್ಲಿ ಸುತ್ತಿದ, ಲಿಂಗವಿಡುವ ಬೆಳ್ಳಿಯ ಕರಡಿಗೆ. ಜಬೀನಾ ಅದನ್ನು ಮುಟ್ಟಲಿಲ್ಲ. ಅವರ ಕೈಯಲ್ಲಿದ್ದಾಗಲೇ ನೋಡಿ ಪಂಚನಾಮೆ ಬರೆಸಿದಳು.

"ಮಗ ತಿಳಕೊಂಡಂಗ ಅಲ್ಲ ಯವ್ವಾ," ಎಂದರು ಲಲಿತಾಬಾಯಿ. "ದೀಪ ನಾ ಸಂಜಿಗಿ ಹಚ್ಚತೀನಿ. ಅವತ್ತ ಹಗಲಿಗೇ ಹಚ್ಚಿತ್ತು. ಅವ್ರೇ ಹಚ್ಚಿ ಹೋಗ್ಯಾರ. ಕಾಯಂ ಬಿಟ್ಟು ಹೋಗೋರು ದೀಪ ಹಚ್ಚಿ ಹೋಗ್ತಾರೇನು?"

ಜಬೀನಾಳಿಗೆ ಎರಡು ಸಂಗತಿಗಳು ಮಾತ್ರ ಖಚಿತವಾಗಿದ್ದವು. ರೇವಣಪ್ಪ ತಮ್ಮ ಕಾಲ ಮೇಲೆ ತಾವೇ ಹೋಗಿದ್ದರು. ದೇವಾನಂದನ ಮೇಲಿನ ಎರಡೂ ಸಂಶಯ ಬಿದ್ದುಹೋಗಿದ್ದವು.

"ಜಟ್ಟೆಪ್ಪ, ಹೊರಗ ಹೋಗಿ ಸಾಹೇಬ್ರಿಗಿ ಫೋನ್ ಹಚ್ಚು. ಹೆಂಡತಿನೇ ಕಣ್ಣಿಂದ ನೋಡ್ಯಾಳಂತ ಹೇಳು. ದೇವಾನಂದನ ಬಿಡ್ಲಿ."

ಜಟ್ಟೆಪ್ಪ ಅರ್ಧ ಓಡಿಕೊಂಡೇ ಹೋದ.

*

ಪಂಚನಾಮೆಗೆ ಲಗತ್ತಿಸಲು ಜಬೀನಾ ಫೋಟೊವನ್ನು ಮತ್ತೆ ತೆರೆದಳು. ಗೂಡು ಸ್ಪಷ್ಟವಾಗಿ ಕಾಣಲೆಂದು ಅದರ ಬೆಳಕು ಹೆಚ್ಚಿಸಿದಳು.

ಹಳದಿ ಇನ್ನಷ್ಟು ಹಳದಿಯಾಯಿತು. ದೀಪದ ಕುಡಿ, ಅದರ ಪಕ್ಕ ರೇವಣಪ್ಪನವರ ಮುಖ. ಗೂಡಿನ ಕೆಳಗೆ, ನೆಲದಲ್ಲಿ, ಮೊದಲು ಕಾಣದಿದ್ದ ಇನ್ನೊಂದು ಆಕೃತಿ. ಮೊಣಕಾಲೂರಿ ಕೂತು ಚೀಲಕ್ಕೆ ಡ್ರಿಲ್ ಮಷಿನ್ ಇಡುತ್ತಿದ್ದ ಒಬ್ಬ ಯುವಕ.

ದೇವಾನಂದ.

ಜಬೀನಾ ಪರದೆಯನ್ನು ಕಣ್ಣಿನ ಹತ್ತಿರ ತಂದಳು. ದೇವಾನಂದ ಫೋಟೊದೊಳಗೇ ಇದ್ದಾನೆ. ಹಾಗಾದರೆ ಅದನ್ನು ತೆಗೆದವರು ಯಾರು?

ನಡುವಿನ ಕಪ್ಪು ಆಕೃತಿಯನ್ನು ದೊಡ್ಡದು ಮಾಡಿದಳು. ಎತ್ತಿ ಹಿಡಿದ ಫೋನು ಮುಖವನ್ನು ಮುಚ್ಚಿತ್ತು. ಭುಜದ ಮೇಲೆ ಜಡೆ. ಕೊರಳಿಂದ ಎದೆಯವರೆಗೆ ಅಗಲವಾದ ಕೆಂಪು ಪಟ್ಟಿ.

ಅವಳು ಬೂಟು ಕೂಡ ಮೆಟ್ಟದೆ ಹೊರಗೆ ಬಂದಳು.

ಜಟ್ಟೆಪ್ಪ ನೆಟ್‌ವರ್ಕ್ ಹುಡುಕುತ್ತ ಗಲ್ಲಿಯ ನಡುವಿಗೆ ಹೋಗಿದ್ದ. "ಹೌದ್ರಿ ಸರ್! ದೇವಾನಂದ! ಬಿಡಬಹುದ್ರಿ!" ಎಂದು ಅವನು ಕೂಗುತ್ತಿದ್ದದ್ದು ಕೊನೆಯ ಮನೆಗೂ ಕೇಳುವಂತಿತ್ತು.

ಲುಂಬಿನಿ ಗೇಟಿನ ಕಂಬ ಹಿಡಿದು ನಿಂತಿದ್ದಳು. ಅವಳ ಮುಖದಲ್ಲಿ ಬಣ್ಣವಿರಲಿಲ್ಲ.

"ಈ ಮನಿ ಹೊಸ್ತಿಲಾ ತುಳದಾಕಿ ಅಲ್ಲ ಅಂದಿ." ಜಬೀನಾ ಫೋನನ್ನು ಅವಳ ಮುಂದೆ ಹಿಡಿದಳು. "ಇದು ಯಾರು?"

ಲುಂಬಿನಿ ಫೋಟೊವನ್ನು ನೋಡಿದಳು. ತನ್ನ ಕೊರಳ ಪಟ್ಟಿಯನ್ನು ಮುಟ್ಟಿಕೊಂಡಳು.

"ನಾನೇ ರೀ, ಅವ್ವಾರು ಗಿರಣಿಯಿಂದ ಬರೂದಕ್ಕ ಮೊದ್ಲೇ ಹೊರಗ ಹ್ವಾದೆ. ಬಿಡ್ರಿ ಅಂತ ಯಾಕ ಒದರಲಿಕತ್ತಾರ್ರಿ ಅವ್ರು?"

"ಯಾಕಂದ್ರ? ನಿಮ್ಮಣ್ಣನ ಬಿಡಸ್ಕೊಂಡು ಹೋಗ್ಲಿಕ್ಕೇ ಬಂದೀಯಲ್ಲ ನೀ?"

"ನಾ ಯಾವಾಗ ಬಿಡ್ರಿ ಅಂದೀನಿ ಮೇಡಂ?"

ಜಬೀನಾ ಅವಳ ಮಾತುಗಳನ್ನು ನೆನಪು ಮಾಡಿಕೊಂಡಳು. ನಿಜ. ಊಟ ಒಳಗೆ ಬಿಡಿ ಅಂದಿದ್ದಳು. ಬಾಗಿಲಲ್ಲಿ ಪೊಲೀಸರು ಯಾವಾಗಲೂ ಇರುತ್ತಾರೆಯೇ ಎಂದು ಕೇಳಿದ್ದಳು. ಬಿಡುಗಡೆಯ ಮಾತನ್ನು ಅವಳು ಒಮ್ಮೆಯೂ ಎತ್ತಿರಲಿಲ್ಲ.

"ರೇವಣಪ್ಪ ಕಾಕಾ ಜೀವಂತ ಅದಾರ." ಲುಂಬಿನಿ ಪಿಸುಗುಟ್ಟಿದಳು. "ಎಲ್ಲಿ ಅದಾರ ಅಂಬೂದು ನಮ್ಮಣ್ಣಗ ಒಬ್ಬನಿಗೇ ಗೊತ್ತು. ನನಗೂ ಹೇಳಿಲ್ಲ. ಜಾಗಾ ಪತ್ತೆ ಆಗಬಾರದಂತ ಫೋನೂ ಅವನ ಕೈಯಾಗ ಕೊಟ್ಟು ಹೋಗ್ಯಾರ. ಅವ್ರನ್ನ ಹುಡಕಲಿಕತ್ತವ್ರಿಗಿ ಅಣ್ಣನ ಹೆಸರು ತಿಳದದ. ಠಾಣೆದಾಗ ಇದ್ರ ಮುಟ್ಟಂಗಿಲ್ಲಂತ ಅಂವ ಬಾಯಿ ಮುಚ್ಚಿಕೊಂಡು ಕುಂತಾನ. ಕೈ ಮುಗೀತೀನಿ ಮೇಡಂ, ಇವತ್ತೊಂದು ದಿನ ಅವನ್ನ ಬಿಡಬ್ಯಾಡ್ರಿ."

"ಜಟ್ಟೆಪ್ಪ!"

ಜಟ್ಟೆಪ್ಪ ಆಗಲೇ ಹಿಂದಿರುಗುತ್ತಿದ್ದ. ಬೆವರಿನ ಮುಖದ ತುಂಬ ನಗು.

"ಒಪ್ಪಿದ್ರು ಮೇಡಂ! ಫೋನ್ ಇಡೂದಕ್ಕ ಮೊದ್ಲೇ ಬಿಟ್ಟು ಕಳಿಸಿದ್ರು. ಒಬ್ಬನಾ ಬಸ್ ಸ್ಟ್ಯಾಂಡ್ ಕಡಿ ನಡಕೋತ ಹ್ವಾದನಂತ. ತಗೋ ತಂಗಿ, ಇನ್ನ ಡಬ್ಬಿ ನೀನೇ ಉಣಸು."

ಲುಂಬಿನಿ ಅವನ ಕಡೆ ನೋಡಲಿಲ್ಲ. ಅವಳು ಅವನ ಭುಜದಾಚೆ, ಗಲ್ಲಿಯ ತುದಿಗೆ ನೋಡುತ್ತಿದ್ದಳು.

ಬೇವಿನ ನೆರಳು ಖಾಲಿಯಿತ್ತು. ಜೀಪು ನಿಂತಿದ್ದ ಜಾಗದಲ್ಲಿ, ಕಾದ ಕಲ್ಲಿನ ಮೇಲೆ, ಎಣ್ಣೆಯ ಹನಿ ಇನ್ನೂ ಹರಡುತ್ತಿತ್ತು.